ಕೊಡೆ ಮಾರಿದವರು ಯಾರು? ಒಂದು ಚಿತ್ರಸಮಾಜದ ಪ್ರಕರಣ

ಈ ಪ್ರಕರಣ ನಡೆದದ್ದು ನಮ್ಮ ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಗ ನಾನು ಅಲ್ಲಿನ ಚಿತ್ರಸಮಾಜದ, ಅಂದರೆ ಫಿಲ್ಮ್ ಸೊಸೈಟಿಯ, ಕಾರ್ಯದರ್ಶಿಯಾಗಿದ್ದೆ. ಹಾಗಾಗಿ ಇದನ್ನು ದೂರದಲ್ಲಿ ನಿಂತು ನೋಡಿದವನ ವರದಿ ಎಂದು ಓದಬೇಡಿ. ಇಲ್ಲಿ ಬರುವ ಕೆಟ್ಟ ನಿರ್ಧಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನವು.

ನಾಲ್ಕು ಜ್ವಾಲೆ, ಎರಡು ಮೂಗು

ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಾಯಿತವಾದ ಸಣ್ಣ ಸಂಘ. ಎಪ್ಪತ್ತು ಚಿಲ್ಲರೆ ಸದಸ್ಯರು, ತಿಂಗಳಿಗೊಂದು ಚಿತ್ರ, ಬಾಡಿಗೆಗೆ ಸಿಗುವ ಒಂದು ಹಳೆಯ ಶಾಲೆಯ ಸಭಾಂಗಣ. ಸಿನಿಮಾ ಮೊಬೈಲಿಗೇ ಬಂದ ಮೇಲೆ ಪ್ರದರ್ಶನಕ್ಕೆ ಬರುವವರು ಇಪ್ಪತ್ತೈದಕ್ಕೆ ಇಳಿದಿದ್ದರು. ಅವರಲ್ಲಿ ಏಳು ಮಂದಿ ಕಾರ್ಯಕಾರಿ ಸಮಿತಿಯವರೇ.

ಅಧ್ಯಕ್ಷರು ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ವಿಡಂಬನೆಯ ಕಾದಂಬರಿ ತೆರೆಗೆ ಬಂದಾಗ ವಿಡಂಬನೆ ಉಳಿಯುತ್ತದೆಯೇ, ಇಲ್ಲ ಬರೀ ಉಡುಗೆ ತೊಡುಗೆ ಉಳಿಯುತ್ತದೆಯೇ ಎಂಬುದು ಅವರ ಬಹುದಿನದ ಪ್ರಶ್ನೆ. ಅದಕ್ಕೆಂದು ಮೂರು ಚಿತ್ರಗಳ ಮಾಲಿಕೆಯೊಂದನ್ನು ಯೋಜಿಸಿದರು. ಮೂರೂ ಒಬ್ಬನೇ ಲೇಖಕನ ಕಾದಂಬರಿಗಳಿಂದ ಬಂದವು: ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1935ರ ‘ಬೆಕಿ ಶಾರ್ಪ್’, 1975ರ ‘ಬ್ಯಾರಿ ಲಿಂಡನ್’, 2004ರಲ್ಲಿ ಮೀರಾ ನಾಯರ್ ಮಾಡಿದ ‘ವ್ಯಾನಿಟಿ ಫೇರ್’. ಮೊದಲನೆಯದೂ ಮೂರನೆಯದೂ ಒಂದೇ ಕಾದಂಬರಿಯ ಎರಡು ರೂಪ. ಮೇಷ್ಟ್ರ ಜೀವ ಇದ್ದದ್ದು ನಡುವಿನದರಲ್ಲಿ.

‘ಬ್ಯಾರಿ ಲಿಂಡನ್’ ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ ಚಿತ್ರ. ಹದಿನೆಂಟನೆಯ ಶತಮಾನದ ಒಬ್ಬ ಐರಿಷ್ ಹುಡುಗ ದ್ವಂದ್ವಯುದ್ಧ ಮಾಡಿ ಊರು ಬಿಟ್ಟು ಓಡುತ್ತಾನೆ. ಇಂಗ್ಲಿಷ್ ಸೈನ್ಯ ಸೇರುತ್ತಾನೆ, ಅಲ್ಲಿಂದ ಕಳಚಿಕೊಂಡು ಪ್ರಷ್ಯದ ಸೈನ್ಯದಲ್ಲಿ ಸಿಕ್ಕಿಬೀಳುತ್ತಾನೆ, ಜೂಜುಕೋರನಾಗುತ್ತಾನೆ, ಕೊನೆಗೆ ಒಬ್ಬ ಶ್ರೀಮಂತ ವಿಧವೆಯನ್ನು ಮದುವೆಯಾಗುತ್ತಾನೆ. ಹಣ ಬಂತು, ಹೆಸರಿನ ಮುಂದೆ ‘ಲಾರ್ಡ್’ ಬರಲಿಲ್ಲ. ಅದನ್ನು ಕೊಳ್ಳಲು ಹೊರಟು ಮುಳುಗುತ್ತಾನೆ. ಒಳಾಂಗಣದ ಹಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಚಿತ್ರಿಸಿದ್ದಾರೆ. ಅದಕ್ಕೆ ಬಳಸಿದ್ದು ಮೂಲತಃ ನಾಸಾಗಾಗಿ ಝೈಸ್ ಕಂಪನಿ ತಯಾರಿಸಿದ್ದ, ತೀರಾ ಮಂದ ಬೆಳಕಿನಲ್ಲೂ ಚಿತ್ರ ಹಿಡಿಯುವ ಎಫ್ 0.7 ಲೆನ್ಸು. ಛಾಯಾಗ್ರಾಹಕ ಜಾನ್ ಆಲ್ಕಾಟ್ ಅವರಿಗೆ ಆಸ್ಕರ್ ಬಂತು. ಕಲಾ ನಿರ್ದೇಶನ, ವಸ್ತ್ರವಿನ್ಯಾಸ, ಸಂಗೀತ ಸೇರಿ ಚಿತ್ರಕ್ಕೆ ಒಟ್ಟು ನಾಲ್ಕು.

ನಮ್ಮ ಹಳೆಯ ಪ್ರೊಜೆಕ್ಟರಿನಲ್ಲಿ ಪರೀಕ್ಷೆಗೆಂದು ಹಾಕಿ ನೋಡಿದಾಗ ಆ ದೃಶ್ಯಗಳಲ್ಲಿ ಕಂಡದ್ದು ನಾಲ್ಕು ಜ್ವಾಲೆ, ಎರಡು ಮೂಗು. ಮಿಕ್ಕದ್ದೆಲ್ಲ ಕಾಡಿಗೆ. ಮೇಷ್ಟ್ರು ಮಾತಾಡದೆ ಎದ್ದು ಹೋದರು. ಹೊಸ ಪ್ರೊಜೆಕ್ಟರ್ ಬೇಕೇಬೇಕು ಎಂದು ತೀರ್ಮಾನವಾದದ್ದು ಆ ಸಂಜೆ. ಕೊಂಡ ಪದವಿಯನ್ನು ಗೇಲಿ ಮಾಡುವ ಚಿತ್ರ ಸರಿಯಾಗಿ ಕಾಣಲಿ ಎಂಬ ಆಸೆಗೆ ನಾವೇ ಒಂದು ಪದವಿಯನ್ನು ಮಾರಲು ಹೊರಟೆವು. ಆಗ ನಮಗೆ ಅದು ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು.

ಇಲ್ಲದ ಹುದ್ದೆ

ಊರ ಹೊರವಲಯದಲ್ಲಿ ಬಡಾವಣೆಗಳನ್ನು ಮಾಡುತ್ತಿದ್ದ ಒಬ್ಬರಿದ್ದರು. ಗಾರೆ ಕೆಲಸದಿಂದ ಶುರುಮಾಡಿ ಮೇಲೆ ಬಂದವರು. ಜಾತ್ರೆ, ಶಾಲೆಯ ಕಾಂಪೌಂಡು, ಅನ್ನಸಂತರ್ಪಣೆ ಯಾವುದಕ್ಕೂ ಇಲ್ಲ ಎಂದವರಲ್ಲ. ಅದರ ಹಿಂದಿನ ವರ್ಷ ಯಾವುದೋ ಹೋಟೆಲಿನ ಸಭಾಂಗಣದಲ್ಲಿ ಅವರಿಗೆ ಕಪ್ಪು ಗೌನು, ಚೌಕ ಟೋಪಿ ತೊಡಿಸಿ ಗೌರವ ಡಾಕ್ಟರೇಟ್ ಕೊಟ್ಟಿದ್ದರು. ಆ ವಾರ ಊರಿನ ಪ್ರತಿ ವೃತ್ತದಲ್ಲೂ ಫ್ಲೆಕ್ಸ್. ನಗರಸಭೆಯ ಚುನಾವಣೆಗೆ ಟಿಕೆಟ್ ಕೇಳುತ್ತಾರೆ ಎಂಬ ಮಾತೂ ಇತ್ತು. ಅವರನ್ನು ಇಲ್ಲಿ ದಾನಿಗಳು ಎಂದು ಕರೆಯುತ್ತೇನೆ.

ನಾನೂ ಖಜಾಂಚಿಯೂ ಅವರ ಮನೆಗೆ ಹೋದೆವು. ಖಜಾಂಚಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಕಾಫಿ ಬಂತು. ವಿಷಯ ಕೇಳಿದ ದಾನಿಗಳು, “ಎಷ್ಟು ಬೇಕಾಗುತ್ತದೆ?” ಎಂದರು. ಹೇಳಿದೆವು. “ಆಗಲಿ” ಎಂದರು.

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಈ ಪ್ರಕರಣದ ಮೊದಲ ತಿರುವು ಅದೇ. ಅವರು ಏನನ್ನೂ ಕೇಳಿರಲಿಲ್ಲ. ಆದರೆ ಇಷ್ಟು ಸುಲಭವಾಗಿ ಹಣ ಸಿಕ್ಕಿದ್ದು ನನಗೆ ಮುಜುಗರವಾಯಿತೋ, ಮುಂದಿನ ವರ್ಷವೂ ಬರಲಿ ಎಂಬ ದುರಾಸೆಯೋ, “ತಾವು ನಮ್ಮ ಗೌರವಾಧ್ಯಕ್ಷರಾಗಿರಬೇಕು” ಎಂದುಬಿಟ್ಟೆ.

“ಹಾಗೊಂದು ಹುದ್ದೆ ಇದೆಯೇ?”

“ಇದೆ” ಎಂದೆ. ಇರಲಿಲ್ಲ. ಖಜಾಂಚಿ ಕಾಫಿ ಲೋಟದೊಳಗೆ ನೋಡುತ್ತ ಕುಳಿತರು.

ಸಮಿತಿಯ ಸಭೆಯಲ್ಲಿ ಮೇಷ್ಟ್ರು, “ಹಣ ಬರಲಿ, ಹುದ್ದೆ ಬೇಡ” ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ. ಅವರಿಗೂ ಮೇಣದಬತ್ತಿಯ ಬೆಳಕು ಕಾಣಬೇಕಿತ್ತು. ಮುಂದಿನ ಸರ್ವಸದಸ್ಯರ ಸಭೆಯ ಒಪ್ಪಿಗೆಗೆ ಒಳಪಟ್ಟು ಗೌರವಾಧ್ಯಕ್ಷರ ಹುದ್ದೆ ಸೃಷ್ಟಿಸುವ ನಿರ್ಣಯವನ್ನು ನಾನೇ ನಡಾವಳಿ ಪುಸ್ತಕದಲ್ಲಿ ಬರೆದೆ. ಚೆಕ್ ಬಂತು, ಪ್ರೊಜೆಕ್ಟರ್ ಬಂತು. ‘ದೇಣಿಗೆ’ ಎಂದು ನಮೂದಿಸಿ ರಸೀದಿ ಕೊಟ್ಟೆವು. ಆ ರಸೀದಿ ಮುಂದೆ ಮತ್ತೆ ಬರುತ್ತದೆ.

ಒಂದಕ್ಷರದ ತೊಂದರೆ

ತೊಂದರೆ ಕಾಣಿಸಿಕೊಂಡದ್ದು ಆಹ್ವಾನ ಪತ್ರಿಕೆಯ ಕರಡಿನಲ್ಲಿ. ದಾನಿಗಳ ಹೆಸರಿನ ಮುಂದೆ ‘ಡಾ.’ ಹಾಕಬೇಕೇ ಬೇಡವೇ?

ಖಜಾಂಚಿ ಹುಡುಕಾಡಿದರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 1956ರ ಕಾಯ್ದೆಯ 22ನೆಯ ಸೆಕ್ಷನ್ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ, ಪರಿಗಣಿತ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ದಾನಿಗಳ ಪ್ರಮಾಣಪತ್ರದ ಮೇಲಿದ್ದ ಹೆಸರು ಇವು ಯಾವುವೂ ಆಗಿರಲಿಲ್ಲ. ಮೇಷ್ಟ್ರು ಸಂವಿಧಾನದ 18ನೆಯ ವಿಧಿಯನ್ನು ನೆನಪಿಸಿದರು: ಪ್ರಭುತ್ವ ಯಾರಿಗೂ ಬಿರುದು ಕೊಡುವಂತಿಲ್ಲ, ಸೈನಿಕ ಮತ್ತು ವಿದ್ಯಾ ಸಂಬಂಧಿ ಗೌರವಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. “ರಾವ್ ಬಹದ್ದೂರ್, ರಾವ್ ಸಾಹೇಬ್ ಎಲ್ಲ ಹೋದವು. ತೆರೆದು ಉಳಿದ ಬಾಗಿಲು ಇದೊಂದೇ. ಜನ ಇಲ್ಲೇ ನುಗ್ಗುತ್ತಿದ್ದಾರೆ” ಎಂದರು ಮೇಷ್ಟ್ರು.

ಅಷ್ಟರಲ್ಲಿ ಸಮಿತಿಯ ಕಿರಿಯ ಸದಸ್ಯೆಯೊಬ್ಬಳು ಮೆಲ್ಲಗೆ ಕೇಳಿದಳು: “ಸರ್, ಗೌರವಾಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಾವು ತೋರಿಸುತ್ತಿರುವುದು ದುಡ್ಡು ಚೆಲ್ಲಿ ಲಾರ್ಡ್ ಆಗಲು ಹೋದವನ ಕಥೆ. ಅವರಿಗೆ ಏನನ್ನಿಸಬಹುದು?”

ಆ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇತ್ತು: ಹೋಗಿ ಅವರಿಗೆ ಚಿತ್ರದ ಕಥೆ ಹೇಳುವುದು. ಹತ್ತು ನಿಮಿಷದ ಕೆಲಸ. ಯಾರೂ ಹೋಗಲಿಲ್ಲ. ಬದಲಿಗೆ ಎರಡು ಉಪಾಯ ಮಾಡಿದೆವು, ಎರಡೂ ನನ್ನ ತಲೆಯಿಂದಲೇ ಹೊರಟವು.

ಮೊದಲನೆಯದು, ಪತ್ರಿಕೆಯಲ್ಲಿ ಎಲ್ಲರಿಗೂ ಬರೀ ‘ಶ್ರೀ’. ಇದರಿಂದ ದಾನಿಗಳ ‘ಡಾ.’ ಸದ್ದಿಲ್ಲದೆ ಹೋಯಿತು. ಅದರ ಜೊತೆಗೆ ಎಂಟು ವರ್ಷ ದುಡಿದು ಪಿಎಚ್.ಡಿ. ಪಡೆದಿದ್ದ ಮೇಷ್ಟ್ರ ‘ಡಾ.’ ಕೂಡ ಹೋಯಿತು. ಖೋಟಾ ನಾಣ್ಯವನ್ನು ತಡೆಯಲು ಹೋಗಿ ಅಸಲಿ ನಾಣ್ಯವನ್ನೂ ಚಲಾವಣೆಯಿಂದ ತೆಗೆದ ಹಾಗೆ. ಮೇಷ್ಟ್ರು ನಕ್ಕು ಸುಮ್ಮನಾದರು. ಅವರ ಮನೆಯವರು ನನ್ನೊಡನೆ ಒಂದು ತಿಂಗಳು ಮಾತಾಡಲಿಲ್ಲ.

ಎರಡನೆಯದು, ಚಿತ್ರಗಳ ಕ್ರಮ ಬದಲಿಸುವುದು. ‘ವ್ಯಾನಿಟಿ ಫೇರ್’ ಮೊದಲು ಹಾಕೋಣ, ಅದು ಹೆಂಗಸಿನ ಕಥೆ, ಯಾರಿಗೂ ನಾಟುವುದಿಲ್ಲ ಎಂದುಕೊಂಡೆವು. ನಾಟಲಿಲ್ಲ, ನಿಜ. ಯಾರಿಗೂ ಏನೂ ನಾಟಲಿಲ್ಲ. ರೀಸ್ ವಿದರ್‌ಸ್ಪೂನ್ ಬೆಕಿ ಶಾರ್ಪ್ ಆಗಿ ಅಭಿನಯಿಸಿರುವ ಆ ಚಿತ್ರ ಕಣ್ಣಿಗೆ ಹಬ್ಬ. ಭಾರತದಲ್ಲಿ ಆನೆಯ ಮೇಲೆ ಬೆಕಿ ಹೋಗುವ ಮುಕ್ತಾಯ ಮೀರಾ ನಾಯರ್ ಅವರ ಸ್ವಂತ ಸೇರ್ಪಡೆ. ಚರ್ಚೆಯೆಲ್ಲ ಬೆಕಿಯ ಸುತ್ತ ನಡೆಯಿತು: ಅವಳ ಆಸೆಬುರುಕತನ, ಗಂಡನಿಗೆ ಮಾಡಿದ ಮೋಸ, ಅವಳಿಗೆ ಆಗಬೇಕಾದ ಶಾಸ್ತಿ. ಕಾದಂಬರಿಯಲ್ಲಿ ಬೆಕಿಯ ಗಂಡ ರಾಡನ್‌ಗೆ ಕೊವೆಂಟ್ರಿ ಐಲೆಂಡ್ ಎಂಬ ದ್ವೀಪದ ಗವರ್ನರ್ ಹುದ್ದೆ ಸಿಗುತ್ತದೆ. ಕೊಡಿಸುವವನು ಲಾರ್ಡ್ ಸ್ಟೈನ್, ಬೆಕಿಯ ಮೇಲೆ ಕಣ್ಣಿಟ್ಟವನು. ಒಂದು ದ್ವೀಪದ ಆಡಳಿತವನ್ನು ಹೀಗೆ ಕೈಯೆತ್ತಿ ಕೊಡಬಲ್ಲವನ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ನನಗೂ ಅಂದು ಅದು ಹೊಳೆದಿರಲಿಲ್ಲ. ದಾನಿಗಳು ಶಾಲು ಹೊದೆದು ಕೊನೆಯವರೆಗೂ ಕುಳಿತಿದ್ದು, “ಚೆನ್ನಾಗಿತ್ತು” ಎಂದು ಹೋದರು.

ದರಪಟ್ಟಿ

ಮುಂದಿನ ತಿಂಗಳು ಬ್ಯಾರಿಯನ್ನು ಇನ್ನು ಮುಂದೂಡುವಂತಿರಲಿಲ್ಲ. ಕಥೆಯ ಕಾಲ ಅರ್ಥವಾಗಲಿ ಎಂದು ಮೇಷ್ಟ್ರು ಎರಡು ಪುಟದ ಟಿಪ್ಪಣಿ ಬರೆದರು, ನಾನು ನೆರಳಚ್ಚು ಮಾಡಿಸಿ ಹಂಚಿದೆ. ಈ ಪ್ರಕರಣದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಬ್ರಿಟಿಷ್ ಸೈನ್ಯದ ಕಾಲಾಳು ಮತ್ತು ಅಶ್ವದಳದಲ್ಲಿ ಅಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಕದ್ದುಮುಚ್ಚಿ ಅಲ್ಲ; ಸರ್ಕಾರವೇ ದರ ಗೊತ್ತುಮಾಡಿತ್ತು. 1821ರ ಪಟ್ಟಿಯ ಪ್ರಕಾರ ಸಾಮಾನ್ಯ ಕಾಲಾಳು ಪಡೆಯಲ್ಲಿ ಕೆಳಗಿನ ಮೆಟ್ಟಿಲಾದ ಎನ್‌ಸೈನ್ ಹುದ್ದೆಗೆ 450 ಪೌಂಡ್, ಲೆಫ್ಟಿನೆಂಟ್ 700, ಕ್ಯಾಪ್ಟನ್ 1,800, ಮೇಜರ್ 3,200, ಲೆಫ್ಟಿನೆಂಟ್ ಕರ್ನಲ್ 4,500. ಬ್ಯಾರಿಯ ಕಾಲಕ್ಕಿಂತ ಕೆಲವು ದಶಕ ಈಚಿನ ದರಗಳು ಇವು. ಪದ್ಧತಿ ಮಾತ್ರ ಅದೇ. ನಿವೃತ್ತನಾಗುವವನು ತನ್ನ ಹುದ್ದೆಯನ್ನು ಮಾರಿ ಹಣ ವಾಪಸ್ ಪಡೆಯುತ್ತಿದ್ದ, ಅದೇ ಅವನ ಪಿಂಚಣಿ. ಫಿರಂಗಿ ದಳ ಮತ್ತು ಎಂಜಿನಿಯರ್ ದಳಗಳಲ್ಲಿ ಮಾತ್ರ ಈ ಮಾರಾಟ ಇರಲಿಲ್ಲ. ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಲು ಹಣ ಸಾಲದು, ಗಣಿತ ಬರಬೇಕು.

ಪಾರ್ಲಿಮೆಂಟಿನ ಸ್ಥಾನಗಳದೂ ಅದೇ ಕಥೆ. ಓಲ್ಡ್ ಸೇರಮ್ ಎಂಬಲ್ಲಿ ಊರೇ ಉಳಿದಿರಲಿಲ್ಲ, ಆದರೂ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರು. ಭೂಮಿ ಯಾರದೋ ಸದಸ್ಯರು ಅವನ ಕಡೆಯವರು. ಅದು ಬಹುಕಾಲ ಇದ್ದದ್ದು ಪಿಟ್ ಮನೆತನದ ಕೈಯಲ್ಲಿ. ಅದನ್ನು ಕೊಂಡ ಥಾಮಸ್ ಪಿಟ್ ಭಾರತದ ವ್ಯಾಪಾರದಲ್ಲಿ ಹಣ ಮಾಡಿದವನು, ಮುಂದೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದವನು. ನಮ್ಮ ಕಡೆಗೆ ಇನ್ನೂ ಹತ್ತಿರದ ನಿದರ್ಶನ ಆರ್ಕಾಟಿನ ನವಾಬನದು. ಅವನಿಗೆ ಬಡ್ಡಿಗೆ ಸಾಲ ಕೊಟ್ಟು ಕೊಬ್ಬಿದ ಪಾಲ್ ಬೆನ್‌ಫೀಲ್ಡ್‌ನಂಥವರು ಆ ಹಣದಿಂದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸ್ಥಾನ ಹಿಡಿದರು. 1785ರಲ್ಲಿ ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ ಈ ಸಾಲದ ಬಗ್ಗೆ ಮಾಡಿದ ದೀರ್ಘ ಭಾಷಣದ ಸಿಟ್ಟೆಲ್ಲ ಅದೇ. ಹೈದರಾಲಿಯ ದಂಡು ಕರ್ನಾಟಿಕ್ ಪ್ರದೇಶದ ಮೇಲೆ ಇಳಿದು ಬಂದ ಪ್ರಸಿದ್ಧ ವರ್ಣನೆ ಇರುವುದೂ ಅದೇ ಭಾಷಣದಲ್ಲಿ. ತಮಿಳು ರೈತನ ಕಂದಾಯ ಲಂಡನ್ನಿನಲ್ಲಿ ಕುರ್ಚಿಯಾಗಿ ಮಾರ್ಪಟ್ಟಿತು.

ಥ್ಯಾಕರೆಯ ಬಗ್ಗೆಯೂ ಮೇಷ್ಟ್ರು ಒಂದು ಸ್ವಾರಸ್ಯ ಸೇರಿಸಿದ್ದರು. ಅವನು ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರ. ‘ಬ್ಯಾರಿ ಲಿಂಡನ್’ 1844ರಲ್ಲಿ ಧಾರಾವಾಹಿಯಾಗಿ ಬಂತು. 1857ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗೆದ್ದಿದ್ದ ಒಬ್ಬ ಸದಸ್ಯನ ಆಯ್ಕೆ ಲಂಚದ ಆರೋಪದ ಮೇಲೆ ರದ್ದಾದಾಗ ಥ್ಯಾಕರೆ ಆ ಉಪಚುನಾವಣೆಗೆ ನಿಂತು ನೂರಕ್ಕೂ ಕಡಿಮೆ ಮತಗಳಿಂದ ಸೋತ. ಗೆದ್ದವನು ಎಡ್ವರ್ಡ್ ಕಾರ್ಡ್‌ವೆಲ್. 1871ರಲ್ಲಿ ಯುದ್ಧ ಮಂತ್ರಿಯಾಗಿ ಸೈನ್ಯದ ಹುದ್ದೆಗಳ ಮಾರಾಟವನ್ನು ನಿಲ್ಲಿಸಿದವನೂ ಇದೇ ಕಾರ್ಡ್‌ವೆಲ್. ಗೇಲಿ ಮಾಡಿದವನು ಸೋತ, ಅವನನ್ನು ಸೋಲಿಸಿದವನು ಕೆಲಸ ಮುಗಿಸಿದ.

ಅಂದು ಸಂಜೆ

ನಲವತ್ತು ಜನ ಬಂದಿದ್ದರು. ಹೊಸ ಪ್ರೊಜೆಕ್ಟರಿನಲ್ಲಿ ಜೂಜಿನ ಮೇಜಿನ ಸುತ್ತ ಮುಖಗಳು ಒಂದೊಂದಾಗಿ ಬೆಳಗಿದಾಗ ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ಆ ಹಿಡಿತ ಈಗಲೂ ನೆನಪಿದೆ.

ಚಿತ್ರದ ಎರಡನೆಯ ಭಾಗದಲ್ಲಿ ಬ್ಯಾರಿಯ ತಾಯಿ ಮಗನಿಗೆ ಬುದ್ಧಿ ಹೇಳುತ್ತಾಳೆ: ಹೆಂಡತಿ ಸತ್ತರೆ ಆಸ್ತಿಯೆಲ್ಲ ಅವಳ ಮೊದಲ ಗಂಡನ ಮಗ ಬುಲಿಂಗ್‌ಡನ್‌ಗೆ ಹೋಗುತ್ತದೆ, ನಿನಗೊಂದು ಪದವಿ ಇರಲೇಬೇಕು. ಅಲ್ಲಿಂದ ಖರ್ಚು ಶುರು. ಔತಣ, ಉಡುಗೊರೆ, ಅಮೆರಿಕದ ಯುದ್ಧಕ್ಕೆ ಸ್ವಂತ ಹಣದಲ್ಲಿ ಕಟ್ಟಿದ ಒಂದು ತುಕಡಿ. ಅರಸನಿಗೆ ಪರಿಚಯಿಸಿದಾಗ ಅರಸ, ಇನ್ನೊಂದು ತುಕಡಿ ಕಟ್ಟು, ಜೊತೆಗೆ ನೀನೂ ಹೋಗು ಎಂದುಬಿಡುತ್ತಾನೆ. ದುಬಾರಿ ಚಿತ್ರಪಟವೊಂದರ ಮುಂದೆ ನಿಂತ ಬ್ಯಾರಿ, ಕಲಾವಿದ ನೀಲಿ ಬಣ್ಣ ಬಳಸಿರುವುದು ತನಗೆ ಬಹಳ ಹಿಡಿಸಿತು ಎನ್ನುತ್ತಾನೆ. ಸಭೆ ಗೊಳ್ಳೆಂದಿತು. ದಾನಿಗಳೂ ನಕ್ಕರು. ನನಗೆ ಜೀವ ಬಂತು.

ಮುಂದೆ ಸಂಗೀತಗೋಷ್ಠಿಯಲ್ಲಿ ಬುಲಿಂಗ್‌ಡನ್ ಎಲ್ಲರೆದುರು ಅವಮಾನ ಮಾಡುತ್ತಾನೆ. ಬ್ಯಾರಿ ಅವನ ಮೇಲೆ ಬಿದ್ದು ಹೊಡೆಯುತ್ತಾನೆ, ಅಲ್ಲಿಗೆ ಲಾರ್ಡ್ ಪದವಿಯ ಆಸೆ ಮುಗಿಯಿತು. ಸಾಲಗಾರರ ಬಿಲ್ಲುಗಳು ಬರುತ್ತವೆ. ಮುದ್ದಿನ ಮಗ ಸಾಯುತ್ತಾನೆ. ದ್ವಂದ್ವಯುದ್ಧದಲ್ಲಿ ಬ್ಯಾರಿ ಕಾಲು ಕಳೆದುಕೊಂಡು, ಇಂಗ್ಲೆಂಡ್ ಬಿಟ್ಟರೆ ವರ್ಷಕ್ಕೆ ಐನೂರು ಗಿನಿ ಎಂಬ ಷರತ್ತಿಗೆ ಒಪ್ಪಿ ಹೊರಡುತ್ತಾನೆ.

ದೀಪ ಹಾಕಿದೆವು. ಮೂರು ಗಂಟೆ ಮೀರಿದ ಚಿತ್ರ, ಅರ್ಧ ಜನ ಬಸ್ಸಿನ ಹೊತ್ತು ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬರು ಜೋರಾಗಿ, “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ” ಎಂದರು. ನಗು ಹಬ್ಬಿತು. ಆಮೇಲೆ ಒಂದೊಂದಾಗಿ ತಲೆಗಳು ಮುಂದಿನ ಸಾಲಿನ ಕಡೆ ತಿರುಗಿದವು, ತಿರುಗಿದ್ದಕ್ಕೆ ನಾಚಿ ಮತ್ತೆ ಕಾಗದ ನೋಡತೊಡಗಿದವು.

ದಾನಿಗಳ ಕೈಯಲ್ಲೂ ಮೇಷ್ಟ್ರ ಟಿಪ್ಪಣಿ ಇತ್ತು. ಮಡಚಿ, ಬೆರಳಿನಿಂದ ದರಪಟ್ಟಿಯ ಜಾಗ ಹಿಡಿದಿದ್ದರು. ಕುಳಿತಲ್ಲಿಂದಲೇ ಕೇಳಿದರು: “ಮೇಷ್ಟ್ರೇ, ಸೈನ್ಯದಲ್ಲಿ ದರ ಇತ್ತು, ಮಾರಿದರೆ ಹಣ ವಾಪಸ್ಸೂ ಬರುತ್ತಿತ್ತು. ಈ ಲಾರ್ಡ್ ಪದವಿಗೆ ದರಪಟ್ಟಿ ಇತ್ತೇ?”

ಇರಲಿಲ್ಲ ಎಂದರು ಮೇಷ್ಟ್ರು.

“ಇವನು ಕೊಟ್ಟ ಹಣಕ್ಕೆ ಯಾರಾದರೂ ರಸೀದಿ ಕೊಟ್ಟರೇ?”

ಸಭೆಯಲ್ಲಿ ಮತ್ತೆ ನಗು. ದಾನಿಗಳು ನಗಲಿಲ್ಲ. ಗುತ್ತಿಗೆ ಕೆಲಸ ಮಾಡಿದವರು ಬಿಲ್ಲಿನ ಬಗ್ಗೆ ಕೇಳುವ ಧಾಟಿಯಲ್ಲೇ ಮುಂದುವರಿಸಿದರು: “ನಮ್ಮ ಖಜಾಂಚಿಗಳು ನನಗೆ ರಸೀದಿ ಕೊಟ್ಟಿದ್ದಾರೆ. ದೇಣಿಗೆ ಎಂದು ಬರೆದಿದೆ. ಗೌರವಾಧ್ಯಕ್ಷ ಸ್ಥಾನದ ಬಾಬ್ತು ಎಂದು ಬರೆದಿಲ್ಲ. ಹಾಗಾದರೆ ಇದನ್ನು ನಾನು ಮುಂದೆ ಮಾರುವ ಹಾಗಿಲ್ಲ, ಅಲ್ಲವೇ?”

ಇದು ತಮಾಷೆಯೋ ಚಾಟಿಯೋ ನನಗೆ ಇವತ್ತಿಗೂ ಖಚಿತವಿಲ್ಲ. ಯಾರೂ ನಗಲಿಲ್ಲ. ಆಗ ಖಜಾಂಚಿ ಎದ್ದು ನಿಂತರು. ಹತ್ತು ವರ್ಷದಲ್ಲಿ ಅವರು ಚರ್ಚೆಯಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು.

“ಲಾರ್ಡ್ ವೆಂಡೋವರ್ ಎಂಬುವನು ಎರಡು ಸಲ ಬರುತ್ತಾನೆ, ನೀವು ಗಮನಿಸಿರಬೇಕು” ಎಂದರು. ಅರಸನಿಗೆ ಹತ್ತಿರದವನು ವೆಂಡೋವರ್. ಬ್ಯಾರಿಯನ್ನು ಮೇಲೆತ್ತಲು ಒಪ್ಪಿಕೊಂಡವನು. ತಾನು ಕೈಹಿಡಿದವರ ಬಗ್ಗೆ ಆಮೇಲೆ ಯಾರೂ ಪ್ರಶ್ನೆ ಎತ್ತುವುದಿಲ್ಲ, ಅವರು ಒಳ್ಳೆಯವರೋ ಜಾಣರೋ ಎಂಬುದು ಮುಖ್ಯವೇ ಅಲ್ಲ ಎಂದು ಅವನು ಮೊದಲ ಭೇಟಿಯಲ್ಲಿ ಹೇಳುತ್ತಾನೆ. ಗೋಷ್ಠಿಯ ರಾದ್ಧಾಂತವಾದ ಮೇಲೆ ಊಟದ ಮನೆಯಲ್ಲಿ ಎದುರಾದ ಬ್ಯಾರಿ ಜೊತೆಗೆ ಕುಳಿತುಕೊಳ್ಳಲೇ ಎಂಬಂತೆ ನಿಲ್ಲುತ್ತಾನೆ. ವೆಂಡೋವರ್ ಬಹಳ ಸೌಜನ್ಯದಿಂದ, ಬೇರೆ ಯಾರೋ ಬರುವವರಿದ್ದಾರೆ ಎನ್ನುತ್ತಾನೆ. “ಹಣ ಹಿಂದಿರುಗಿಸುತ್ತೇನೆ ಎನ್ನಲಿಲ್ಲ” ಎಂದರು ಖಜಾಂಚಿ. “ಗಾದೆ ಕೊಡೆ ಹಿಡಿದವನನ್ನು ನಗುತ್ತದೆ. ಮಧ್ಯರಾತ್ರಿ ಅಂಗಡಿ ತೆರೆದು ಕೊಡೆ ಮಾರಿದವನು ಯಾರು? ನಾನೂ ಕಾರ್ಯದರ್ಶಿಗಳೂ ಒಂದು ದಿನ ಒಬ್ಬರ ಮನೆಗೆ ಹೋಗಿದ್ದೆವು, ಅವರು ಏನನ್ನೂ ಕೇಳಿರಲಿಲ್ಲ.”

ಅಷ್ಟು ಹೇಳಿ ಕುಳಿತರು. ನಾನು ವಂದನಾರ್ಪಣೆ ಮಾಡಬೇಕಿತ್ತು. ಏನು ಹೇಳಿದೆನೋ ನೆನಪಿಲ್ಲ.

ಆಮೇಲೆ

ಮುಂದಿನ ವಾರದ ಸಭೆಯಲ್ಲಿ ಮೂರು ಸಲಹೆಗಳು ಬಂದವು. ಹಣ ಹಿಂದಿರುಗಿಸುವುದು: ಪ್ರೊಜೆಕ್ಟರ್ ಕೊಂಡಾಗಿತ್ತು, ಸಾಧ್ಯವಿರಲಿಲ್ಲ. ಹುದ್ದೆ ರದ್ದು ಮಾಡುವುದು: ಒಬ್ಬರನ್ನು ಕೂರಿಸಿ ಕುರ್ಚಿ ಎಳೆದಂತಾಗುತ್ತದೆ ಎಂದು ಕೈಬಿಟ್ಟೆವು. ಕೊನೆಗೆ ಮೇಷ್ಟ್ರೂ ನಾನೂ ದಾನಿಗಳ ಮನೆಗೆ ಹೋಗಿ, ಮೊದಲೇ ಹೇಳಬೇಕಾಗಿದ್ದನ್ನು ಹೇಳಿದೆವು. ಹುದ್ದೆ ಇರಲಿಲ್ಲ ಎಂದೂ ಹೇಳಿದೆ. “ಗೊತ್ತಿತ್ತು, ನೀವು ಇದೆ ಎನ್ನುವಾಗ ಖಜಾಂಚಿಗಳ ಮುಖ ನೋಡಿದೆ” ಎಂದರು. ಡಾಕ್ಟರೇಟಿನ ವಿಷಯ ನಾವು ಎತ್ತಲಿಲ್ಲ, ಅವರೇ ಎತ್ತಿದರು. ಅದಕ್ಕೂ ಯಾರೋ ಇಬ್ಬರು ಮನೆಗೆ ಬಂದಿದ್ದರಂತೆ, ಕಾಫಿ ಕುಡಿದಿದ್ದರಂತೆ.

ಚಿತ್ರದ ಬಗ್ಗೆ ಅವರು ಹೇಳಿದ್ದು ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಬ್ಯಾರಿ ತಮ್ಮಂತೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವನು ದುಡಿದವನಲ್ಲ, ಹೆಂಡತಿಯ ಹಣ ಕರಗಿಸಿದವನು. ತಾವು ಸ್ವಂತ ದುಡಿಮೆಯನ್ನು ಕೊಟ್ಟವರು. ಅವರಿಗೆ ನೋವಾದದ್ದು ಚಿತ್ರದಿಂದಲ್ಲ. ಆಹ್ವಾನ ಪತ್ರಿಕೆಯ ‘ಶ್ರೀ’ ನೋಡಿದಾಗಲೇ ಎಲ್ಲ ಅರ್ಥವಾಗಿತ್ತು, ಯಾರಾದರೂ ಬಂದು ಹೇಳುತ್ತಾರೆ ಎಂದು ಎರಡು ತಿಂಗಳು ಕಾದರಂತೆ.

ಚಿತ್ರ ತೋರಿಸುವವರಿಗೆ ಈ ಪ್ರಕರಣದಲ್ಲಿ ಒಂದು ಉಪಯೋಗದ ವಿಷಯವಿದೆ. ಕಾದಂಬರಿಯಲ್ಲಿ ಬ್ಯಾರಿಯೇ ತನ್ನ ಕಥೆ ಹೇಳುತ್ತಾನೆ, ಸಾಲದ ಸೆರೆಮನೆಯಲ್ಲಿ ಕುಳಿತು ಜಂಬ ಕೊಚ್ಚುತ್ತಾನೆ. ಅವನು ಹೊಗಳಿಕೊಂಡಷ್ಟೂ ಅವನ ಬಣ್ಣವೂ ಅವನಿಂದ ಹಣ ಕಿತ್ತವರ ಬಣ್ಣವೂ ಬಯಲಾಗುತ್ತವೆ. ಅಲ್ಲಿ ಅವನು ಪಾರ್ಲಿಮೆಂಟಿಗೂ ಹೋಗಿ ಬರುತ್ತಾನೆ, ಚಿತ್ರದಲ್ಲಿ ಅದಿಲ್ಲ. ಕ್ಯೂಬ್ರಿಕ್ ಆ ಬಾಯನ್ನು ಮುಚ್ಚಿಸಿ, ಮೈಕಲ್ ಹಾರ್ಡರ್ನ್ ಅವರ ತಣ್ಣನೆಯ ನಿರೂಪಣೆಯನ್ನು ತಂದರು. ಕಥೆ ವಿಷಾದಕ್ಕೆ ತಿರುಗಿತು, ಅದು ಚ್ಯುತಿಯಲ್ಲ. ಆದರೆ ವಿಡಂಬನೆಯನ್ನು ನಾವೇ ಹುಡುಕಿಕೊಳ್ಳಬೇಕಾಗುತ್ತದೆ. ಹುಡುಕದಿದ್ದರೆ ಕೈಗೆ ಸಿಗುವುದು ಕೊಂಡವನನ್ನು ನಗುವ ಗಾದೆ. ನಮ್ಮ ಎರಡು ಚರ್ಚೆಗಳಲ್ಲೂ ಆದದ್ದು ಅದೇ. ಈಗ ನಾನು ಈ ಚಿತ್ರ ತೋರಿಸುವಲ್ಲಿ ಮೊದಲ ಪ್ರಶ್ನೆಯಾಗಿ ವೆಂಡೋವರನ ಊಟದ ದೃಶ್ಯವನ್ನೇ ಕೇಳುತ್ತೇನೆ, ಮೇಷ್ಟ್ರು ಅನುವಾದಿಸಿದ ಕಾದಂಬರಿಯ ಮೂರು ಪುಟ ಓದಿಸುತ್ತೇನೆ.

ಇಂಗ್ಲೆಂಡಿನ ಕಾನೂನಿಗೂ ಮಾರುವವನ ಬುಡಕ್ಕೆ ಕೈಹಾಕಲು ಆಗಲಿಲ್ಲ ಎನ್ನುವುದನ್ನೂ ಆಗ ಓದುತ್ತೇವೆ. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಪದವಿಗಳು ಹಣಕ್ಕೆ ಹೋಗುತ್ತಿವೆ ಎಂದು 1922ರಲ್ಲಿ ದೊಡ್ಡ ಗದ್ದಲವಾಯಿತು, 1925ರಲ್ಲಿ ತಡೆ ಕಾಯ್ದೆ ಬಂತು. ಅದರ ಕೆಳಗೆ ಶಿಕ್ಷೆಯಾದದ್ದು ಒಬ್ಬ ದಲ್ಲಾಳಿಗೆ, ಮಾಂಡಿ ಗ್ರೆಗರಿಗೆ, 1933ರಲ್ಲಿ, ಎರಡು ತಿಂಗಳು. ಹೆಸರು ಕೇಳಿದ ಕೂಡಲೇ ನಮ್ಮವರು ಮಂಡಿ ವ್ಯಾಪಾರಿ ಎಂದು ನಗುತ್ತಾರೆ. ಪದವಿ ಕೊಟ್ಟವರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ.

ಸಂಘದ ಮಟ್ಟಿಗೆ ನಾನು ಕಲಿತದ್ದು ಕಡಿಮೆ, ಸಂಘ ಕಲಿತದ್ದು ಇನ್ನೂ ಕಡಿಮೆ. ದಾನಿಗಳು ವರ್ಷದ ಕೊನೆಗೆ ಸ್ಥಾನ ಬಿಟ್ಟುಕೊಟ್ಟರು. ನಗರಸಭೆಯ ಟಿಕೆಟ್ ಅವರಿಗೆ ಸಿಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಹುದ್ದೆಯನ್ನೇ ತೆಗೆಯುವ ವಿಷಯವನ್ನು ನಾನು ಕಾರ್ಯಸೂಚಿಗೆ ಸೇರಿಸಿದ್ದೆ. ಹೊಸದಾಗಿ ಸಮಿತಿಗೆ ಬಂದವರೊಬ್ಬರು, “ಇರಲಿ ಬಿಡಿ ಸರ್, ಮುಂದಿನ ವರ್ಷ ಧ್ವನಿವರ್ಧಕ ಬದಲಾಯಿಸಬೇಕಲ್ಲ” ಎಂದರು. ವಿಷಯವನ್ನು ಮುಂದೂಡಲಾಯಿತು ಎಂದು ನಡಾವಳಿಯಲ್ಲಿ ಬರೆದೆ. ಈಗಲೂ ಅದು ಮುಂದೂಡಿದ ಸ್ಥಿತಿಯಲ್ಲೇ ಇದೆ.

ಮಾಲಿಕೆಯ ಕೊನೆಯ ಚಿತ್ರ ‘ಬೆಕಿ ಶಾರ್ಪ್’ ತಡವಾಗಿ ನಡೆಯಿತು. ಪೂರ್ಣ ಪ್ರಮಾಣದ ಮೂರು ಬಣ್ಣದ ಟೆಕ್ನಿಕಲರ್‌ನಲ್ಲಿ ಬಂದ ಮೊದಲ ಕಥಾಚಿತ್ರ ಅದು. ಮಳೆ, ಹತ್ತೊಂಬತ್ತು ಜನ. ದಾನಿಗಳು ಬಂದು ಬಾಗಿಲಲ್ಲಿ ಸಾಮಾನ್ಯ ಸದಸ್ಯತ್ವದ ವಾರ್ಷಿಕ ಶುಲ್ಕ ಕಟ್ಟಿದರು, ಖಜಾಂಚಿಯಿಂದ ರಸೀದಿ ಪಡೆದು ಅದರಲ್ಲಿ ಏನು ಬರೆದಿದೆ ಎಂದು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಹಿಂದಿನ ಸಾಲಿಗೆ ಹೋಗಿ ಫ್ಯಾನಿನ ಕೆಳಗೆ ಕುಳಿತರು.